ಲೆ ಶಾಟೆಲಿಯೆ: ಕೈಗೆ ಬಂದದ್ದನ್ನು ಬಿಟ್ಟುಕೊಟ್ಟ ವಿಜ್ಞಾನಿ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಮನೆಗೆ ಬಂದು ಕೇಳಿದರು. ಶಾಲೆಯ ಹಳೆಯ ನೆನಪುಗಳನ್ನು ಬರೆಯುವವರು ಸಾಕಷ್ಟು ಜನ ಇದ್ದಾರೆ, ನಾನು ಇಲ್ಲಿ ವಿಜ್ಞಾನ ಪಾಠ ಮಾಡಿದವನು, ಒಬ್ಬ ವಿಜ್ಞಾನಿಯ ಬದುಕನ್ನು ಬರೆಯುತ್ತೇನೆ ಎಂದೆ. ರಾಮನ್ನರೋ ವಿಶ್ವೇಶ್ವರಯ್ಯನವರೋ ಇರಬೇಕು ಎಂದು ಅವರು ಅಂದುಕೊಂಡಿದ್ದರು. ಲೆ ಶಾಟೆಲಿಯೆ ಎಂದಾಗ, ಬಂದವರಲ್ಲಿ ನನ್ನ ವಿದ್ಯಾರ್ಥಿಗಳೇ ಆಗಿದ್ದ ಇಬ್ಬರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಪಿಯುಸಿಯಲ್ಲಿ ಆ ಹೆಸರಿನ ತತ್ವವನ್ನು ಉರು ಹೊಡೆದು ಪರೀಕ್ಷೆ ಬರೆದದ್ದು ಅವರಿಗೆ ನೆನಪಾಗಿರಬೇಕು.

ನಾವು ಕಾಲೇಜಿನಲ್ಲಿ ಓದುವಾಗ ಅದನ್ನು ಲೀ ಚಾಟ್ಲಿಯರ್ ಎನ್ನುತ್ತಿದ್ದೆವು. ನಮ್ಮ ಉಪನ್ಯಾಸಕರೂ ಹಾಗೇ ಅನ್ನುತ್ತಿದ್ದರು. ಫ್ರೆಂಚರ ಬಾಯಲ್ಲಿ ಅದು ಲ ಶಾತಲಿಯೇ ಎನ್ನುವುದಕ್ಕೆ ಹತ್ತಿರ ಎಂದು ಗೊತ್ತಾದದ್ದು ಬಹಳ ತಡವಾಗಿ. ಹೆಸರೇ ಸರಿಯಾಗಿ ಗೊತ್ತಿಲ್ಲದ ಮೇಲೆ ಮನುಷ್ಯನ ಬಗ್ಗೆ ಇನ್ನೇನು ಗೊತ್ತಿದ್ದೀತು? ತತ್ವ ಬಂತು, ಮನುಷ್ಯ ಬರಲಿಲ್ಲ. ಆ ಬಾಕಿಯನ್ನು ಇಲ್ಲಿ ತೀರಿಸಲು ನೋಡುತ್ತೇನೆ.

ಹೆನ್ರಿ ಲೂಯಿ ಲೆ ಶಾಟೆಲಿಯೆ ಹುಟ್ಟಿದ್ದು 1850ರ ಅಕ್ಟೋಬರ್ 8ರಂದು, ಪ್ಯಾರಿಸ್ಸಿನಲ್ಲಿ. ತಂದೆ ಲೂಯಿ ಹೆಸರಾಂತ ಎಂಜಿನಿಯರ್. ರೈಲು, ಉಕ್ಕು, ಆಗಷ್ಟೇ ಹುಟ್ಟುತ್ತಿದ್ದ ಅಲ್ಯೂಮಿನಿಯಂ ಉದ್ಯಮ, ಎಲ್ಲದರಲ್ಲೂ ಅವರ ಕೈ ಇತ್ತು. ದೊಡ್ಡ ದೊಡ್ಡ ರಸಾಯನ ವಿಜ್ಞಾನಿಗಳು ಮನೆಗೆ ಬಂದು ಹೋಗುವ ಪರಿಚಯಸ್ಥರು. ಅವರಲ್ಲಿ ಸೇಂಟ್ ಕ್ಲೇರ್ ಡೆವಿಲ್ ಎಂಬುವರ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಕಾಯಿಸಿದಾಗ ಒಡೆದು ಬೇರೆಯಾಗುವ ವಸ್ತು ತಣಿಸಿದಾಗ ಮತ್ತೆ ಕೂಡಿಕೊಳ್ಳುತ್ತದೆ, ಅಂದರೆ ರಾಸಾಯನಿಕ ಕ್ರಿಯೆ ಮುಂದಕ್ಕೂ ಹಿಂದಕ್ಕೂ ಹೋಗಬಲ್ಲದು ಎಂದು ಪ್ರಯೋಗಗಳಿಂದ ತೋರಿಸಿದವರು ಅವರು. ಹುಡುಗ ಹೆನ್ರಿ ಮುಂದೆ ಇಡೀ ಜೀವನ ಅದೇ ದಾರಿಯಲ್ಲಿ ನಡೆದ.

ತಾಯಿ ಬಹಳ ಕಟ್ಟುನಿಟ್ಟು. ಹೊತ್ತಿಗೆ ಸರಿಯಾಗಿ ಏಳಬೇಕು, ಪಾಠ ಒಪ್ಪಿಸಬೇಕು, ತಟ್ಟೆಗೆ ಬಡಿಸಿದ್ದನ್ನೆಲ್ಲ ತಿಂದೇ ಏಳಬೇಕು. ಆರು ಮಕ್ಕಳಲ್ಲಿ ಹೆನ್ರಿ ಹಿರಿಯ. ಹಿರಿಯ ಮಗನಿಗೆ ಶಿಸ್ತು ಒಂದು ತೂಕ ಹೆಚ್ಚಿಗೆ ಬೀಳುವುದು ನಮ್ಮ ಮನೆಗಳಲ್ಲೂ ಇದ್ದದ್ದೇ. ಆ ಶಿಸ್ತಿನ ಬಗ್ಗೆ ಅವರಿಗೆ ಮುಪ್ಪಿನವರೆಗೂ ಗೌರವವೇ ಇತ್ತು.

1869ರಲ್ಲಿ, ಫ್ರಾನ್ಸಿನಲ್ಲಿ ಸೀಟು ಸಿಗುವುದೇ ಕಷ್ಟವಾಗಿದ್ದ ಎಕೋಲ್ ಪಾಲಿಟೆಕ್ನಿಕ್ ಸೇರಿದರು. ಮರುವರ್ಷವೇ ಪ್ರಷ್ಯದೊಂದಿಗೆ ಯುದ್ಧ. ಓದುತ್ತಿದ್ದ ಹುಡುಗರನ್ನೇ ಸಬ್ ಲೆಫ್ಟಿನೆಂಟ್ ಮಾಡಿ ಕಳಿಸಿದರು. ಶತ್ರು ಸೈನ್ಯ ಪ್ಯಾರಿಸ್ಸನ್ನು ಮುತ್ತಿದ್ದ ತಿಂಗಳುಗಳಲ್ಲಿ ಇಪ್ಪತ್ತು ವರ್ಷದ ಹೆನ್ರಿಯೂ ನಗರದ ಕಾವಲಿನಲ್ಲಿದ್ದರು. ಯುದ್ಧ ಸೋಲಿನಲ್ಲಿ ಮುಗಿಯಿತು. 1871ರಲ್ಲಿ ಗಣಿಗಾರಿಕೆಯ ಕಾಲೇಜಿಗೆ, ಅಂದರೆ ಎಕೋಲ್ ದೆ ಮೀನ್‌ಗೆ ಸೇರಿ ಗಣಿ ಎಂಜಿನಿಯರ್ ಆದರು. ಕೆಲವು ಕಾಲ ಹೊರ ಜಿಲ್ಲೆಯಲ್ಲಿ ಸರ್ಕಾರಿ ಗಣಿ ಎಂಜಿನಿಯರ್ ಕೆಲಸ. 1876ರಲ್ಲಿ ಮದುವೆ. 1877ರಲ್ಲಿ ತಾವು ಓದಿದ ಗಣಿ ಕಾಲೇಜೇ ಅವರನ್ನು ರಸಾಯನಶಾಸ್ತ್ರದ ಅಧ್ಯಾಪಕರಾಗಿ ಕರೆಯಿತು. ಎಂಜಿನಿಯರ್ ಆಗಿದ್ದವರು ಮೇಷ್ಟರಾದರು. ಏಳು ಮಕ್ಕಳ ತಂದೆಯಾದರು.

ಈ ಮೇಷ್ಟರು ಮೊದಲು ಕೈಹಾಕಿದ್ದು ಸಿಮೆಂಟಿಗೆ. ಗಾರೆ ಹೇಗೆ ಗಟ್ಟಿಯಾಗುತ್ತದೆ ಎನ್ನುವುದು ಆ ಕಾಲಕ್ಕೆ ಯಾರಿಗೂ ಸ್ಪಷ್ಟವಿರಲಿಲ್ಲ. ಅವರು ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಿಂದ ಶುರು ಮಾಡಿದರು. ಜಿಪ್ಸಂ ಕಲ್ಲನ್ನು ಹದವಾಗಿ ಕಾಯಿಸಿದರೆ ಅದರೊಳಗಿನ ನೀರಿನ ಮುಕ್ಕಾಲು ಪಾಲು ಹೋಗಿ ಬಿಳಿ ಹಿಟ್ಟು ಉಳಿಯುತ್ತದೆ. ಮತ್ತೆ ನೀರು ಕಲಸಿದರೆ ಆ ಹಿಟ್ಟು ಸ್ವಲ್ಪ ಸ್ವಲ್ಪವೇ ಕರಗಿ, ಅಷ್ಟು ಸುಲಭವಾಗಿ ಕರಗದ ಜಿಪ್ಸಂ ಆಗಿ ಹರಳುಗಟ್ಟುತ್ತದೆ. ಸೂಜಿಯಂಥ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಕೈ ಮುರಿದಾಗ ಹಾಕುವ ಪಟ್ಟಿ ಗಟ್ಟಿಯಾಗುವುದು ಹೀಗೆ. ಸಿಮೆಂಟಿನ ಕಥೆಯೂ ಹೆಚ್ಚುಕಡಿಮೆ ಇಂಥದ್ದೇ ಎಂದು ತೋರಿಸಿ, ಅದರಲ್ಲಿ ಮುಖ್ಯವಾದ ವಸ್ತು ಯಾವುದೆಂದು ಸೂಕ್ಷ್ಮದರ್ಶಕದಲ್ಲಿ ಹುಡುಕಿ, 1887ರಲ್ಲಿ ಅದರ ಮೇಲೆಯೇ ಡಾಕ್ಟರೇಟ್ ಪಡೆದರು. ನಮ್ಮೂರಿನ ಗಾರೆ ಕೆಲಸದವರಿಗೆ ಸಿಮೆಂಟ್ ಹಾಕಿದ ಮೇಲೆ ವಾರಗಟ್ಟಲೆ ನೀರು ಹಾಯಿಸಬೇಕೆಂದು ಗೊತ್ತು. ಯಾಕೆ ಎಂಬುದನ್ನು ಕಂಡುಕೊಂಡವರಲ್ಲಿ ಇವರೂ ಒಬ್ಬರು.

ಇನ್ನೊಂದು ಕಡೆ ಕಲ್ಲಿದ್ದಲ ಗಣಿಗಳು ಜನರನ್ನು ತಿನ್ನುತ್ತಿದ್ದವು. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿಯುವ ಭಯ. ಕಲ್ಲಿದ್ದಲ ಗಣಿಯಲ್ಲಿ ಗಾಳಿಯೇ ಹೊತ್ತಿಕೊಳ್ಳುವ ಭಯ. ಕಲ್ಲಿದ್ದಲಿನ ಸಂದಿಯಿಂದ ಮೀಥೇನ್ ಅನಿಲ ಸೋರಿ ಗಾಳಿಯೊಂದಿಗೆ ಬೆರೆತು ನಿಂತಿರುತ್ತದೆ. ಒಂದು ಕಿಡಿ ಸಾಕು. ಸರ್ಕಾರ ಈ ಬಗ್ಗೆ ತನಿಖೆ ಮಾಡಿಸಿದಾಗ ಲೆ ಶಾಟೆಲಿಯೆ ತಮ್ಮ ಹಿರಿಯ ಸಹೋದ್ಯೋಗಿ ಮಲ್ಲಾರ್ ಜೊತೆ ಸೇರಿ ಅನಿಲಗಳು ಹೇಗೆ ಹೊತ್ತಿಕೊಳ್ಳುತ್ತವೆ, ಜ್ವಾಲೆ ಕೊಳವೆಯೊಳಗೆ ಎಷ್ಟು ವೇಗವಾಗಿ ಓಡುತ್ತದೆ ಎಂದು ವರ್ಷಗಟ್ಟಲೆ ಅಳೆದರು. ಮೀಥೇನ್ ಬೆರೆತ ಗಾಳಿ ಸುಮಾರು 650 ಡಿಗ್ರಿಯಲ್ಲಿ ಹೊತ್ತಿಕೊಳ್ಳುತ್ತದೆ, ಆದರೆ ಕೂಡಲೇ ಅಲ್ಲ, ಸ್ವಲ್ಪ ಹೊತ್ತು ತಡೆದು ಹೊತ್ತಿಕೊಳ್ಳುತ್ತದೆ ಎಂದು ಕಂಡುಕೊಂಡರು. ಆ ಸ್ವಲ್ಪ ಹೊತ್ತಿನಲ್ಲೇ ಜೀವ ಉಳಿಸುವ ದಾರಿ ಇತ್ತು. ಸಿಡಿಮದ್ದಿಗೆ ಅಮೋನಿಯಂ ನೈಟ್ರೇಟ್ ಸೇರಿಸಿ ಅದರ ಬೆಂಕಿಯ ಕಾವನ್ನು ತಗ್ಗಿಸಿದರೆ, ಗಣಿಯ ಗಾಳಿ ಹೊತ್ತಿಕೊಳ್ಳುವುದರೊಳಗೆ ಸಿಡಿತದ ಅನಿಲ ತಣ್ಣಗಾಗಿಬಿಡುತ್ತದೆ. ಗಣಿಗಳಿಗೆ ಸುರಕ್ಷಿತ ಸಿಡಿಮದ್ದು ಬಂದದ್ದು ಇಂಥ ಕೆಲಸದಿಂದ.

ಅನಿಲ ಮತ್ತು ಗಾಳಿ ಬೆರೆತರೆ ಏನಾಗುತ್ತದೆ ಎನ್ನುವುದರಲ್ಲಿ ಆ ಕಾಲದ ಯುರೋಪಿನಲ್ಲಿ ಇವರಿಗಿಂತ ಹೆಚ್ಚು ತಿಳಿದವರು ಬೆರಳೆಣಿಕೆಯಷ್ಟು ಮಂದಿ ಇದ್ದಿರಬಹುದು. ಈ ಮಾತನ್ನು ಯಾಕೆ ಹೇಳಿದೆ ಎಂದು ಮುಂದೆ ಗೊತ್ತಾಗುತ್ತದೆ.

ಕುಲುಮೆಯ ಕಾವು ಅಳೆಯಲು ಆಗ ಒಳ್ಳೆಯ ಸಾಧನವಿರಲಿಲ್ಲ. ಪಾದರಸದ ಥರ್ಮಾಮೀಟರ್ ಅಷ್ಟು ಕಾವಿಗೆ ಬಾರದು. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಜೋಡಿಸಿ ಕಾಯಿಸಿದರೆ ಚೂರು ವಿದ್ಯುತ್ ಹುಟ್ಟುತ್ತದೆ ಎಂಬುದು ಮೊದಲೇ ಗೊತ್ತಿತ್ತು, ಆದರೆ ಅದನ್ನು ನಂಬಬಹುದಾದ ಅಳತೆಯಾಗಿ ಮಾಡಲು ಆಗಿರಲಿಲ್ಲ. ಒಂದು ತಂತಿ ಪ್ಲಾಟಿನಂ, ಇನ್ನೊಂದು ಪ್ಲಾಟಿನಂಗೆ ಹತ್ತನೇ ಒಂದು ಪಾಲು ರೋಡಿಯಂ ಬೆರೆಸಿದ್ದು: ಈ ಜೋಡಿ ಕೈಕೊಡುವುದಿಲ್ಲ ಎಂದು ಲೆ ಶಾಟೆಲಿಯೆ 1880ರ ದಶಕದಲ್ಲಿ ತೋರಿಸಿದರು. ಇವತ್ತಿಗೂ ಉಕ್ಕಿನ ಕಾರ್ಖಾನೆಗಳಲ್ಲಿ ಅದೇ ಜೋಡಿ ಬಳಕೆಯಲ್ಲಿದೆ. 1895ರಲ್ಲಿ ಅಸಿಟಿಲೀನ್ ಅನಿಲವನ್ನು ಆಮ್ಲಜನಕದೊಂದಿಗೆ ಉರಿಸಿದರೆ ಜ್ವಾಲೆ 3000 ಡಿಗ್ರಿ ದಾಟುತ್ತದೆ ಎಂದು ತಿಳಿಸಿದವರೂ ಇವರೇ. ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾಸ್ ವೆಲ್ಡಿಂಗ್ ಮಾಡುವವರ ಕೈಯಲ್ಲಿರುವುದು ಆ ಜ್ವಾಲೆ.

ಇನ್ನು ತತ್ವಕ್ಕೆ ಬರೋಣ. ಇದನ್ನು ನಾನು ಸುಣ್ಣದ ಗೂಡಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಊರಿನ ಹಿರಿಯರಿಗೆ ಗೂಡು ಗೊತ್ತು, ಮತ್ತು ಲೆ ಶಾಟೆಲಿಯೆ ಕೂಡ ತಮ್ಮ ಹೊಸ ಥರ್ಮಾಮೀಟರ್ ಹಿಡಿದು ಸುಣ್ಣಕಲ್ಲನ್ನೇ ಅಳೆದವರು. ಸುಣ್ಣಕಲ್ಲನ್ನು ಸುಟ್ಟರೆ ಸುಟ್ಟ ಸುಣ್ಣ ಉಳಿದು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಮುಚ್ಚಿದ ಪಾತ್ರೆಯೊಳಗೆ ಸುಟ್ಟರೆ ಏನಾಗುತ್ತದೆ? ಅನಿಲ ಒಳಗೇ ತುಂಬಿಕೊಳ್ಳುತ್ತದೆ. ತುಂಬಿಕೊಂಡ ಅನಿಲ ಸುಣ್ಣದೊಂದಿಗೆ ಮತ್ತೆ ಕೂಡಿ ಕಲ್ಲಾಗತೊಡಗುತ್ತದೆ. ಒಂದು ಕಡೆ ಕಲ್ಲು ಒಡೆಯುತ್ತಿರುತ್ತದೆ, ಇನ್ನೊಂದು ಕಡೆ ಅಷ್ಟೇ ವೇಗದಲ್ಲಿ ಕೂಡುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಏನೂ ನಡೆಯುತ್ತಿಲ್ಲವೆಂಬಂತೆ ಕಾಣುತ್ತದೆ. ಇದೇ ರಾಸಾಯನಿಕ ಸಮತೋಲನ. ಸುಮ್ಮನೆ ನಿಂತ ತಕ್ಕಡಿಯಲ್ಲ. ಎರಡೂ ಕಡೆಯಿಂದ ಒಂದೇ ಲೆಕ್ಕದಲ್ಲಿ ಜನ ಓಡಾಡುತ್ತಿರುವ ಸಂತೆಯ ಬಾಗಿಲು.

ಈಗ ಕಾವು ಹೆಚ್ಚಿಸಿ. ಕಲ್ಲು ಒಡೆಯಲು ಶಾಖ ಬೇಕು. ಹಾಗಾಗಿ ಕೊಟ್ಟ ಶಾಖವನ್ನು ನುಂಗುವ ಕಡೆಗೆ, ಅಂದರೆ ಒಡೆಯುವ ಕಡೆಗೆ, ಸಮತೋಲನ ವಾಲುತ್ತದೆ. ಅನಿಲವನ್ನು ಒತ್ತಿ ತುಂಬಿದರೆ ಅದನ್ನು ಕಡಿಮೆ ಮಾಡುವ ಕಡೆಗೆ, ಅಂದರೆ ಮತ್ತೆ ಕಲ್ಲಾಗುವ ಕಡೆಗೆ ವಾಲುತ್ತದೆ. ಅನಿಲವನ್ನು ತೆಗೆಯುತ್ತಲೇ ಇದ್ದರೆ ಮತ್ತಷ್ಟು ಅನಿಲ ಕೊಡುತ್ತಾ ಕಲ್ಲು ಪೂರ್ತಿ ಸುಣ್ಣವಾಗುತ್ತದೆ. ಸುಮಾರು 900 ಡಿಗ್ರಿಯಲ್ಲಿ ಹೊರಬರುವ ಅನಿಲದ ಒತ್ತಡ ವಾತಾವರಣದ ಒತ್ತಡಕ್ಕೆ ಸಮನಾಗುತ್ತದೆ. ಗೂಡಿಗೆ ಕೆಳಗಡೆ ಗಾಳಿಕಂಡಿ, ಮೇಲೆ ತೆರೆದ ಬಾಯಿ ಇಡುತ್ತಿದ್ದ ನಮ್ಮ ಸುಣ್ಣಗಾರರು ಸೌದೆ ಚೆನ್ನಾಗಿ ಉರಿಯಲೆಂದು ಹಾಗೆ ಮಾಡುತ್ತಿದ್ದರೇನೋ. ಆದರೆ ಅದೇ ಗಾಳಿ ಅನಿಲವನ್ನೂ ಹೊತ್ತುಕೊಂಡು ಹೋಗಿ ಸಮತೋಲನವನ್ನು ಅವರ ಕಡೆಗೆ ವಾಲಿಸುತ್ತಿತ್ತು.

ಸಮತೋಲನದಲ್ಲಿರುವ ಯಾವುದೇ ವ್ಯವಸ್ಥೆಯ ಉಷ್ಣತೆಯನ್ನೋ ಒತ್ತಡವನ್ನೋ ವಸ್ತುಗಳ ಪ್ರಮಾಣವನ್ನೋ ಬದಲಾಯಿಸಿದರೆ, ಆ ಬದಲಾವಣೆಯನ್ನು ಕಡಿಮೆ ಮಾಡುವ ದಿಕ್ಕಿಗೆ ವ್ಯವಸ್ಥೆ ವಾಲುತ್ತದೆ. ಇಷ್ಟೇ ತತ್ವ. 1884ರಲ್ಲಿ ಮೊದಲು ಪ್ರಕಟಿಸಿದಾಗ ಅದನ್ನು ಉದ್ದವಾದ ಜಟಿಲ ವಾಕ್ಯದಲ್ಲಿ ಹೇಳಿದ್ದರು. 1888ರಲ್ಲಿ ಅವರೇ ಅದನ್ನು ಸರಳ ಮಾಡಿದರು. ಬರೆದದ್ದನ್ನು ನಾಲ್ಕು ವರ್ಷ ಬಿಟ್ಟು ಮತ್ತೆ ತಿದ್ದಿ ಚಿಕ್ಕದು ಮಾಡುವ ಮೇಷ್ಟರು ನನಗೆ ಇಷ್ಟ. ಉಷ್ಣತೆಯ ವಿಷಯದಲ್ಲಿ ಹಾಲೆಂಡಿನ ವಾಂಟ್ ಹಾಫ್ ಇದನ್ನು ಆಗಲೇ ಹೇಳಿದ್ದರು. ಅದನ್ನು ಒತ್ತಡಕ್ಕೂ ಬೇರೆ ಬದಲಾವಣೆಗಳಿಗೂ ಹರಡಿದ್ದು ಲೆ ಶಾಟೆಲಿಯೆ ಹೆಚ್ಚುಗಾರಿಕೆ. ಜರ್ಮನಿಯ ಬ್ರೌನ್ 1887ರಲ್ಲಿ ಸ್ವತಂತ್ರವಾಗಿ ಇದೇ ಮಾತಿಗೆ ಬಂದರು. ಅಮೆರಿಕದ ಗಿಬ್ಸ್ ಇದಕ್ಕೆಲ್ಲ ಬೇಕಾದ ಗಣಿತವನ್ನು ಹಿಂದೆಯೇ ಬರೆದಿಟ್ಟಿದ್ದರು, ಓದಿದವರು ಕಡಿಮೆ. ಅದು ಗೊತ್ತಾದಾಗ ಲೆ ಶಾಟೆಲಿಯೆ ಮುಚ್ಚಿಡಲಿಲ್ಲ. ತಾವೇ ಕೂತು ಗಿಬ್ಸ್ ಬರಹವನ್ನು ಫ್ರೆಂಚಿಗೆ ಅನುವಾದಿಸಿ 1899ರಲ್ಲಿ ಪ್ರಕಟಿಸಿದರು.

ಒಂದು ಎಚ್ಚರಿಕೆ, ಈಗ ಪಿಯು ಕಾಲೇಜುಗಳಲ್ಲಿ ಪಾಠ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳಿಗೆ. ಈ ತತ್ವ ದಿಕ್ಕನ್ನು ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ಎಷ್ಟು ದೂರ ವಾಲುತ್ತದೆ ಎಂದೂ ಹೇಳುವುದಿಲ್ಲ. ವಸ್ತು ಸೇರಿಸುವ ವಿಷಯದಲ್ಲಂತೂ ಕಣ್ಣುಮುಚ್ಚಿ ಅನ್ವಯಿಸಿದರೆ ತಪ್ಪಾಗುವುದೂ ಉಂಟು. ಸಾರಜನಕ, ಜಲಜನಕ, ಅಮೋನಿಯ ಬೆರೆತು ಸಮತೋಲನದಲ್ಲಿದ್ದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾರಜನಕವೇ ಇದ್ದರೆ, ಒಟ್ಟು ಒತ್ತಡ ಮತ್ತು ಉಷ್ಣತೆ ಬದಲಾಗದಂತೆ ಇನ್ನಷ್ಟು ಸಾರಜನಕ ಸೇರಿಸಿದಾಗ ಅಮೋನಿಯ ಹೆಚ್ಚುವುದಿಲ್ಲ, ಒಡೆಯುತ್ತದೆ. ಲೆಕ್ಕ ಹಾಕಿ ನೋಡಿ.

ತತ್ವದಿಂದ ಏನು ಉಪಯೋಗ ಎಂದು ಕೇಳುವವರಿಗೆ ಲೆ ಶಾಟೆಲಿಯೆ ಊದುಕುಲುಮೆಯ ಕಥೆ ಹೇಳುತ್ತಿದ್ದರು. ಊದುಕುಲುಮೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಅನಿಲ ಅದಿರಿನಿಂದ ಆಮ್ಲಜನಕವನ್ನು ಕಿತ್ತುಕೊಂಡು ಕಬ್ಬಿಣ ಉಳಿಸುತ್ತದೆ. ಆದರೆ ಕುಲುಮೆಯ ಮೇಲ್ಗಡೆಯಿಂದ ಬಹಳಷ್ಟು ಕಾರ್ಬನ್ ಮಾನಾಕ್ಸೈಡ್ ಕೆಲಸ ಮಾಡದೆ ಹಾಗೇ ಹೊರಟುಹೋಗುತ್ತಿತ್ತು. ಅಷ್ಟು ಇಂಧನ ದಂಡ. ಅದಿರಿನ ಜೊತೆ ಅನಿಲ ಇರುವ ಹೊತ್ತು ಸಾಲದು, ಕುಲುಮೆಯನ್ನು ಎತ್ತರಿಸಿದರೆ ಸರಿಹೋಗುತ್ತದೆ ಎಂದು ಎಂಜಿನಿಯರುಗಳು ಅಂದಾಜು ಮಾಡಿದರು. ಇಂಗ್ಲೆಂಡಿನಲ್ಲಿ 30 ಮೀಟರ್ ಎತ್ತರದವರೆಗೂ ಕುಲುಮೆ ಕಟ್ಟಿದರು. ಲಕ್ಷಾಂತರ ಫ್ರಾಂಕ್ ಬೆಲೆಯ ಕಟ್ಟಡ ಎದ್ದುನಿಂತಿತು. ಅನಿಲ ಮೊದಲಿನಷ್ಟೇ ಹೊರಗೆ ಹೋಗುತ್ತಿತ್ತು. ಹೊತ್ತು ಸಾಲದ್ದು ಕಾರಣವಾಗಿರಲೇ ಇಲ್ಲ. ಅಲ್ಲಿ ಕ್ರಿಯೆ ಸಮತೋಲನ ಮುಟ್ಟಿ ನಿಂತಿತ್ತು. ಇನ್ನೂ ನೂರು ಮೀಟರ್ ಕಟ್ಟಿದ್ದರೂ ಅಷ್ಟೇ. ಅನಿಲದ ಎಷ್ಟು ಪಾಲು ಒಳಗೆ ಹೋಗುತ್ತದೋ ಅಷ್ಟೇ ಪಾಲು ಹೊರಬರುವ ಕ್ರಿಯೆ ಅದು, ಹಾಗಾಗಿ ಒತ್ತಡ ಹೆಚ್ಚಿಸಿದರೂ ದಿಕ್ಕು ಬದಲಾಗದು. ಕಾಗದದ ಮೇಲೆ ಲೆಕ್ಕ ಹಾಕಿದ್ದರೆ ಗೊತ್ತಾಗುತ್ತಿದ್ದ ವಿಷಯವನ್ನು ಇಟ್ಟಿಗೆ ಮತ್ತು ಹಣ ಸುರಿದು ಕಲಿತರು ಎನ್ನುವುದು ಅವರ ಕೊರಗು. ನಮ್ಮಲ್ಲಿ ಭದ್ರಾವತಿಯ ಊದುಕುಲುಮೆ 1923ರಲ್ಲಿ ಹೊತ್ತಿಕೊಳ್ಳುವ ವೇಳೆಗೆ ಇದೆಲ್ಲ ಎಂಜಿನಿಯರುಗಳ ಪಠ್ಯದಲ್ಲಿ ಸೇರಿತ್ತು.

ಈಗ ನಾನು ಹೇಳಬೇಕೆಂದಿದ್ದ ಮುಖ್ಯ ಘಟನೆ. ಹತ್ತೊಂಬತ್ತನೇ ಶತಮಾನ ಮುಗಿಯುವಾಗ ಯುರೋಪಿಗೆ ಒಂದು ಚಿಂತೆ ಹತ್ತಿತ್ತು. ಹೊಲಕ್ಕೆ ಸಾರಜನಕದ ಗೊಬ್ಬರ ಬೇಕು, ಅದು ಬರುತ್ತಿದ್ದದ್ದು ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯಿಂದ, ಹಡಗಿನಲ್ಲಿ. ಆ ನಿಕ್ಷೇಪ ಒಂದು ದಿನ ಮುಗಿಯುತ್ತದೆ. ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ ಗಿಡಕ್ಕೆ ಅದು ದಕ್ಕದು. ಅದನ್ನು ಜಲಜನಕದೊಂದಿಗೆ ಕೂಡಿಸಿ ಅಮೋನಿಯ ಮಾಡಿದರೆ ಗೊಬ್ಬರವಾಗುತ್ತದೆ. ಆದರೆ ಎರಡನ್ನೂ ಬೆರೆಸಿ ಎಷ್ಟು ಕಾಯಿಸಿದರೂ ಅಮೋನಿಯ ಎನ್ನುವಷ್ಟು ಬರುತ್ತಿರಲಿಲ್ಲ.

ಲೆ ಶಾಟೆಲಿಯೆ ತಮ್ಮ ತತ್ವವನ್ನು ಇದಕ್ಕೆ ಹಚ್ಚಿ ನೋಡಿದರು. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ, ಒಟ್ಟು ನಾಲ್ಕು ಪಾಲು ಅನಿಲ ಕೂಡಿ ಎರಡು ಪಾಲು ಅಮೋನಿಯ ಆಗುತ್ತದೆ. ನಾಲ್ಕು ಇದ್ದದ್ದು ಎರಡಾಗುತ್ತದೆ ಎಂದರೆ, ಜೋರಾಗಿ ಒತ್ತಿದರೆ ಅಮೋನಿಯದ ಕಡೆಗೆ ವಾಲಲೇಬೇಕು. ಕೂಡುವಾಗ ಶಾಖ ಹೊರಬರುತ್ತದೆ, ಆದ್ದರಿಂದ ಕಾವು ಕಡಿಮೆಯಿದ್ದಷ್ಟೂ ಅಮೋನಿಯ ಹೆಚ್ಚು. ಆದರೆ ಕಾವು ತೀರ ಕಡಿಮೆಯಾದರೆ ಕ್ರಿಯೆ ಆಮೆಗಿಂತ ನಿಧಾನ. ಹಾಗಾಗಿ ವೇಗ ಹೆಚ್ಚಿಸಲು ಕಬ್ಬಿಣದಂಥ ಲೋಹವೊಂದು ಜೊತೆಗಿರಬೇಕು. ಇಂಥ ವೇಗವರ್ಧಕ ಸಮತೋಲನವನ್ನು ಯಾವ ಕಡೆಗೂ ವಾಲಿಸುವುದಿಲ್ಲ, ಅಲ್ಲಿಗೆ ಬೇಗ ಮುಟ್ಟಿಸುತ್ತದೆ ಅಷ್ಟೆ. 1901ರಲ್ಲಿ ಅವರು ಪ್ರಯೋಗಕ್ಕೆ ಇಳಿದರು. 600 ಡಿಗ್ರಿ ಕಾವು, 200 ವಾತಾವರಣದ ಒತ್ತಡ, ಒಳಗೆ ಕಬ್ಬಿಣ. ಇವತ್ತಿನ ಗೊಬ್ಬರದ ಕಾರ್ಖಾನೆಯವರು ಈ ಅಂಕಿಗಳನ್ನು ಓದಿದರೆ ತಲೆದೂಗುತ್ತಾರೆ. ದಾರಿ ಸರಿಯಾಗಿಯೇ ಇತ್ತು.

ಪಾತ್ರೆ ಸಿಡಿಯಿತು. ಸಹಾಯಕನೊಬ್ಬ ಸಾಯುವುದು ಕೂದಲೆಳೆಯಲ್ಲಿ ತಪ್ಪಿತು. ಹುಡುಕಿ ನೋಡಿದಾಗ ಕಾರಣ ಸಿಕ್ಕಿತು: ಉಪಕರಣದೊಳಗೆ ಗಾಳಿ ಇತ್ತು. ಜಲಜನಕಕ್ಕೆ ಗಾಳಿಯ ಆಮ್ಲಜನಕ ಬೆರೆತು ಸ್ಫೋಟವಾಗಿತ್ತು. ಗಣಿಯಲ್ಲಿ ಅನಿಲದೊಂದಿಗೆ ಗಾಳಿ ಬೆರೆತರೆ ಏನಾಗುತ್ತದೆ ಎಂದು ಫ್ರಾನ್ಸಿಗೆಲ್ಲ ಹೇಳಿಕೊಟ್ಟವರ ಪ್ರಯೋಗಶಾಲೆಯಲ್ಲಿ ಇದು ನಡೆದದ್ದು. ಕಾರಣ ತಿಳಿದ ಮೇಲೆ ಗಾಳಿಯನ್ನು ಪೂರ್ತಿ ತೆಗೆದು ಇನ್ನೊಮ್ಮೆ ಮಾಡಬಹುದಿತ್ತು. ಅವರು ಮಾಡಲಿಲ್ಲ. ಪೇಟೆಂಟ್ ಒಂದು ಉಳಿಯಿತು, ಕೆಲಸ ನಿಂತುಹೋಯಿತು.

ಇಲ್ಲಿ ನನ್ನ ಒಂದು ಮಾತು ಸೇರಿಸಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಬೇರೊಂದು ಊರಿನಲ್ಲಿ, ಸತುವಿನ ಚೂರಿಗೆ ಆಮ್ಲ ಹಾಕಿ ಜಲಜನಕ ತಯಾರಿಸುವ ಪ್ರಯೋಗ ತೋರಿಸುತ್ತಿದ್ದೆ. ಪ್ಲಾಸ್ಕಿನೊಳಗಿನ ಗಾಳಿ ಪೂರ್ತಿ ಹೋಗುವವರೆಗೆ ಕಾಯಬೇಕು ಎಂದು ಪುಸ್ತಕದಲ್ಲಿದೆ, ನಾನೇ ಹಿಂದಿನ ದಿನ ಬೋರ್ಡಿನ ಮೇಲೆ ಬರೆಸಿದ್ದೆ. ಪೀರಿಯಡ್ ಮುಗಿಯುತ್ತಾ ಬಂದಿತ್ತು, ಅವಸರದಲ್ಲಿ ಕಡ್ಡಿ ಗೀರಿದೆ. ಪ್ಲಾಸ್ಕ್ ಚೂರಾಯಿತು. ಮುಂದಿನ ಬೆಂಚಿನ ಹುಡುಗನ ಮುಂಗೈಗೆ ಗಾಜು ತಾಗಿ ರಕ್ತ ಬಂತು. ಪುಣ್ಯಕ್ಕೆ ಕಣ್ಣಿಗೆ ಏನೂ ಆಗಲಿಲ್ಲ. ಹುಡುಗನ ತಂದೆ ಬಂದು ನನಗೆ ಒಂದು ಮಾತೂ ಬೈಯದೆ ಮಗನನ್ನು ಕರೆದುಕೊಂಡು ಹೋದರು. ಅದಾದ ಮೇಲೆ ಎರಡು ವರ್ಷ ನಾನು ಜಲಜನಕದ ಪ್ರಯೋಗ ಮಾಡಲಿಲ್ಲ. ಚಿತ್ರ ಬರೆದು, ಭಾಗ ಗುರುತಿಸಿ, ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಎರಡು ವರ್ಷದ ಮಕ್ಕಳು ಜಲಜನಕ ಉರಿಯುವ ಸದ್ದನ್ನು ಕೇಳಲೇ ಇಲ್ಲ. ಹಾಗಾಗಿ ಲೆ ಶಾಟೆಲಿಯೆ ಯಾಕೆ ನಿಲ್ಲಿಸಿದರು ಎಂದು ಯಾರಾದರೂ ಆಶ್ಚರ್ಯಪಟ್ಟರೆ ನನಗೆ ಆಶ್ಚರ್ಯವಾಗುವುದಿಲ್ಲ. ಈ ಶಾಲೆಗೆ ಬಂದ ಮೇಲೆ ಅದೇ ಪ್ರಯೋಗಕ್ಕೆ ಎಲ್ಲರನ್ನೂ ಗೋಡೆಗೆ ಒರಗಿಸಿ ನಿಲ್ಲಿಸಿ, ಗಡಿಯಾರ ನೋಡುತ್ತಾ ಕಾಯಿಸುತ್ತಿದ್ದೆನಲ್ಲ, ಸಾರ್‌ಗೆ ಹೆದರಿಕೆ ಎಂದು ನೀವು ಹಿಂದಿನಿಂದ ನಗುತ್ತಿದ್ದಿರಿ. ನಿಜ, ಹೆದರಿಕೆಯೇ.

ಅವರು ಬಿಟ್ಟ ಎಳೆಯನ್ನು ಜರ್ಮನಿಯ ಫ್ರಿಟ್ಜ್ ಹೇಬರ್ ಹಿಡಿದರು. ಮೊದಮೊದಲು ಹೇಬರ್‌ಗೂ ನಂಬಿಕೆಯಿರಲಿಲ್ಲ, ಸಿಗುತ್ತಿದ್ದ ಅಮೋನಿಯ ಅಷ್ಟು ಕಡಿಮೆ. ಒತ್ತಡ ಹೆಚ್ಚಿಸುತ್ತಾ ಹೋದರು, ಬಂದ ಅಮೋನಿಯವನ್ನು ತಣಿಸಿ ಕೂಡಲೇ ಬೇರ್ಪಡಿಸಿ, ಕೂಡದೆ ಉಳಿದ ಅನಿಲವನ್ನು ಮತ್ತೆ ಮತ್ತೆ ತಿರುಗಿಸಿದರು. ತೆಗೆದಷ್ಟೂ ಕೊಡುತ್ತದೆ ಎಂಬ ಸುಣ್ಣದ ಗೂಡಿನ ಯುಕ್ತಿಯೇ ಇದು. 1909ರ ಜುಲೈ 2ರಂದು ಕಾರ್ಲ್ಸ್‌ರೂಹೆಯಲ್ಲಿ ಬಿಎಎಸ್‌ಎಫ್ ಕಂಪನಿಯವರ ಎದುರಿಗೆ ಅವರ ಉಪಕರಣದಿಂದ ದ್ರವ ಅಮೋನಿಯ ತೊಟ್ಟಿಕ್ಕಿತು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿದರು. 1913ರಲ್ಲಿ ಒಪ್ಪಾವ್ ಎಂಬಲ್ಲಿ ಮೊದಲ ಕಾರ್ಖಾನೆ ನಡೆಯತೊಡಗಿತು.

ಮರುವರ್ಷ ಮಹಾಯುದ್ಧ ಬಂತು. ಇಂಗ್ಲೆಂಡಿನ ನೌಕಾಪಡೆ ಚಿಲಿಯ ಹಡಗುಗಳನ್ನು ತಡೆಯಿತು. ಗೊಬ್ಬರಕ್ಕೆಂದು ಹುಟ್ಟಿದ ಅಮೋನಿಯದಿಂದ ಜರ್ಮನಿ ಮದ್ದುಗುಂಡು ಮಾಡಿಕೊಂಡಿತು. ಅದಿಲ್ಲದಿದ್ದರೆ ಅವರ ಮದ್ದು ಬಹಳ ಬೇಗ ಖಾಲಿಯಾಗುತ್ತಿತ್ತು. ಇಪ್ಪತ್ತನೇ ವಯಸ್ಸಿನಲ್ಲಿ ಇದೇ ಜರ್ಮನರ ಮುತ್ತಿಗೆಯಲ್ಲಿ ನಿಂತಿದ್ದ ಲೆ ಶಾಟೆಲಿಯೆ, ಅರವತ್ತು ದಾಟಿದ ಮೇಲೆ, ತಾವು ಅರ್ಧಕ್ಕೆ ಕೈಬಿಟ್ಟ ಕ್ರಿಯೆ ಅವರ ಫಿರಂಗಿಗಳಿಗೆ ಮದ್ದು ಒದಗಿಸುವುದನ್ನು ನೋಡಬೇಕಾಯಿತು. ಹೇಬರ್‌ಗೆ 1918ರ ನೊಬೆಲ್ ಬಹುಮಾನ ಸಿಕ್ಕಿತು. ವಿಷಾನಿಲದ ಯುದ್ಧ ನಡೆಸಿದವರಿಗೆ ಬಹುಮಾನವೇ ಎಂದು ಜಗಳವೂ ಆಯಿತು. ಬಾಷ್‌ಗೆ 1931ರಲ್ಲಿ ಬಂತು. ಲೆ ಶಾಟೆಲಿಯೆ ಅವರಿಗೆ ನೊಬೆಲ್ ಬರಲೇ ಇಲ್ಲ.

ಬೇರೆ ಗೌರವಗಳು ಬಂದವು, ಆದರೆ ಕಾಯಿಸಿ ಕಾಯಿಸಿ ಬಂದವು. ಫ್ರೆಂಚ್ ವಿಜ್ಞಾನ ಅಕಾಡೆಮಿಯ ಸದಸ್ಯತ್ವಕ್ಕೆ ನಾಲ್ಕು ಸಲ ಪ್ರಯತ್ನಿಸಿ ಸೋತರು, 1907ರಲ್ಲಿ ಆಯ್ಕೆಯಾದರು. ಪಾಲಿಟೆಕ್ನಿಕ್ಕಿನ ಪ್ರಾಧ್ಯಾಪಕ ಹುದ್ದೆ ಸಿಗಲೇ ಇಲ್ಲ. ಕಾಲೇಜ್ ದ ಫ್ರಾನ್ಸ್, ಆಮೇಲೆ ಸೋರ್ಬಾನ್ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡವು. 1916ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಡೇವಿ ಪದಕ ಕೊಟ್ಟಿತು. ಲೋಹಶಾಸ್ತ್ರಕ್ಕೆಂದೇ ಒಂದು ಪತ್ರಿಕೆ ಶುರು ಮಾಡಿ ನಡೆಸಿದರು.

ನನಗೆ ಇವುಗಳಿಗಿಂತ ಹಿಡಿಸುವುದು ಅವರ ಪಾಠದ ಕ್ರಮ. ಆಗ ರಸಾಯನಶಾಸ್ತ್ರ ಎಂದರೆ ಉರು ಹೊಡೆಯುವ ಪಟ್ಟಿ. ಈ ಲೋಹ, ಅದರ ಬಣ್ಣ, ಅದರ ಲವಣಗಳು, ಮುಂದಿನ ಲೋಹ. ಲೆ ಶಾಟೆಲಿಯೆ ಇದನ್ನು ಒಪ್ಪಲಿಲ್ಲ. ಮೊದಲು ಸಾಮಾನ್ಯ ನಿಯಮ ಕಲಿಯಲಿ, ನಿಯಮ ಗೊತ್ತಿದ್ದರೆ ಏನಾಗುತ್ತದೆ ಎಂದು ವಿದ್ಯಾರ್ಥಿ ತಾನೇ ಮುಂಚಿತವಾಗಿ ಹೇಳಬಲ್ಲ, ಆಮೇಲೆ ಪ್ರಯೋಗ ಮಾಡಿ ಸರಿಯೋ ತಪ್ಪೋ ನೋಡಲಿ ಎಂಬುದು ಅವರ ಹಟ. ಅಂಥವರ ತತ್ವವನ್ನೇ ನಾವು ಉರು ಹೊಡೆಸಿ ಎರಡು ಅಂಕ ಕೊಡುತ್ತಿದ್ದೇವೆ. ಇದರಲ್ಲಿ ನನ್ನ ಪಾಲೂ ಇದೆ.

ಕೊನೆಗಾಲದಲ್ಲಿ ತಮ್ಮ ವೈಜ್ಞಾನಿಕ ಬದುಕನ್ನು ಹಿಂತಿರುಗಿ ನೋಡಿದಾಗ ಅವರು ಸ್ಫೋಟದ ವಿಷಯವನ್ನು ಮುಚ್ಚಿಡಲಿಲ್ಲ, ಸಹಾಯಕನ ಮೇಲೆ ಹಾಕಲಿಲ್ಲ, ಜರ್ಮನರು ಕದ್ದರು ಎಂದೂ ದೂರಲಿಲ್ಲ. ಅಮೋನಿಯದ ಸಂಶ್ಲೇಷಣೆ ತಮ್ಮ ಕೈಯಿಂದಲೇ ಜಾರಿಹೋಯಿತು, ವಿಜ್ಞಾನಿಯಾಗಿ ತಾವು ಮಾಡಿದ ಅತಿ ದೊಡ್ಡ ತಪ್ಪು ಅದೇ ಎಂದು ಬರೆದಿಟ್ಟರು. ಆಗ ಅವರಿಗೆ 85 ವರ್ಷ.

1936ರ ಸೆಪ್ಟೆಂಬರ್ 17ರಂದು, ಆಲ್ಪ್ಸ್ ಪರ್ವತದ ತಪ್ಪಲಿನ ಮಿರಿಬೆಲ್ ಎಂಬ ಹಳ್ಳಿಯಲ್ಲಿ ಅವರು ತೀರಿಕೊಂಡರು. ಹೇಬರ್ ಎರಡು ವರ್ಷ ಮೊದಲೇ, ಹಿಟ್ಲರನ ಜರ್ಮನಿಯನ್ನು ಬಿಟ್ಟು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡಿದ್ದರು. ಅದೇ ಆಸುಪಾಸಿನ ವರ್ಷಗಳಲ್ಲಿ ನಮ್ಮ ಮೈಸೂರಿನ ಹತ್ತಿರದ ಬೆಳಗೊಳದಲ್ಲಿ ಅಮೋನಿಯದಿಂದ ಗೊಬ್ಬರ ತಯಾರಿಸುವ ಕಾರ್ಖಾನೆ ಎದ್ದಿತು. ಪಣಂಬೂರಿನ ಕಾರ್ಖಾನೆ ಬಂದದ್ದು ಆಮೇಲೆ, 1970ರ ದಶಕದಲ್ಲಿ. ಈಗ ಮುಂಗಾರು ಹಿಡಿಯುವ ಮೊದಲು ನಮ್ಮೂರಿನ ಸೊಸೈಟಿಯ ಎದುರು ಯೂರಿಯಾ ಚೀಲಕ್ಕೆ ಬೆಳಗಿನ ಜಾವವೇ ಸಾಲು ನಿಲ್ಲುತ್ತದೆ. ಹೋದ ವರ್ಷ ಆ ಸಾಲಿನಲ್ಲಿ ನನ್ನ ಮುಂದೆ ನಿಂತಿದ್ದವನು, ಗೋಡೆಗೆ ಒರಗಿಸಿ ನಿಲ್ಲಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ ಹುಡುಗ.